ಬ್ರೀಡರ್ ಹೇಟೆಗಳಿಗೆ (ಮರಿ ಮಾಡಿಸೋ ಮೊಟ್ಟೆಗೆ ಸಾಕಿದ ಕೋಳಿಗಳಿಗೆ) ಮೆಂತ್ಯ, ಕಲೌಂಜಿ (ಕರಿಜೀರಿಗೆ), ಅಗಸೆ: ಎಷ್ಟು ಹಾಕಬೇಕು, ಹೇಗೆ ಬೆರೆಸಬೇಕು

ಈ ತಟ್ಟೆಯಲ್ಲಿರೋ ಎರಡು ಮೊಟ್ಟೆ ನೋಡಿ. ಕಾವಿಗಿಟ್ಟ ಏಳನೇ ದಿನ ಬೆಳಕು ಹಿಡಿದಾಗ ಮರಿಯಿಲ್ಲ ಅಂತ ತೆಗೆದಿಟ್ಟು ಒಡೆದಿದ್ದು ಇವು. ಎಡಗಡೆಯದರ ಹಳದಿ ಮೇಲೆ ಸಣ್ಣ ಗಟ್ಟಿ ಬಿಳಿ ಚುಕ್ಕೆ, ಅಷ್ಟೇ. ಇದು ಫಲಿತವಾಗೇ ಇಲ್ಲ. ಬಲಗಡೆಯದರಲ್ಲಿ ಕೆನೆಬಣ್ಣದ ಅಗಲ ಬಿಲ್ಲೆ, ಅಂಚಿಗೆ ತೆಳ್ಳನೆ ರಕ್ತದ ಉಂಗುರ. ಭ್ರೂಣ ಬೆಳೆಯೋಕೆ ಶುರುಮಾಡಿ ಸತ್ತಿದೆ.

ಮರಿ ಹೆಚ್ಚು ಬರಲಿ ಅಂತ ಬೀಜದ ಪುಡಿ ತರೋ ಮೊದಲು, ಯಾವ ಥರದ್ದು ಎಷ್ಟಿವೆ ಅನ್ನೋ ಲೆಕ್ಕ ಆಗಲೇಬೇಕು. ಎಡಗಡೆಯಂಥವು ಜಾಸ್ತಿಯಿದ್ರೆ ಹುಂಜಗಳ ಸಂಖ್ಯೆ, ತೂಕ, ಕಾಲು ನೋಡಿ. ಬಲಗಡೆಯಂಥವು ಜಾಸ್ತಿಯಿದ್ರೆ ಕಾವಿಗೆ ಮುಂಚೆ ಮೊಟ್ಟೆ ಕೂಡಿಟ್ಟ ಜಾಗ ನೋಡಿ: 15ರಿಂದ 18 ಡಿಗ್ರಿ ಇತ್ತಾ, 7 ದಿನ ದಾಟಿತ್ತಾ? ಆಮೇಲೆ ಫೀಡ್‌ನ ವಿಟಮಿನ್, ಖನಿಜ. ಇವುಗಳ ಕೊರತೆಯನ್ನ ಯಾವ ಬೀಜವೂ ತುಂಬಲ್ಲ.

ಇವೆಲ್ಲ ಸರಿಯಿದ್ರೆ ಮುಂದಕ್ಕೆ ಹೋಗೋಣ. ಮೆಂತ್ಯವನ್ನ 100 ಕೆಜಿ ಫೀಡ್‌ಗೆ ಅರ್ಧ ಕೆಜಿಯಿಂದ ಶುರು ಮಾಡಿ, 1 ಕೆಜಿ ದಾಟಿಸಬೇಡಿ. ಕಹಿ ಹೆಚ್ಚಾದ್ರೆ ಕೋಳಿ ತಿನ್ನೋದು ಕಡಿಮೆ ಮಾಡುತ್ತೆ. ಕಲೌಂಜಿಗೆ 1 ಕೆಜಿ ಸಾಕು. ದಿನಕ್ಕೆ 120 ಗ್ರಾಂ ತಿನ್ನೋ ಹೇಟೆಗೆ ಅದು 1.2 ಗ್ರಾಂ ಆಯ್ತು.

ಅಗಸೆಗೆ ಮಾತ್ರ ಹೆಚ್ಚು ಎಚ್ಚರ ಬೇಕು. ಹಳದಿಗೆ ಒಮೆಗಾ-3 ಸೇರಿಸೋದು ಅದೇ, ತೊಂದರೆ ತರೋದೂ ಅದೇ. ಅದರಲ್ಲಿರೋ ಲಿನಾಟಿನ್ ಅನ್ನೋ ಅಂಶ ವಿಟಮಿನ್ ಬಿ6ಗೆ ಅಡ್ಡ ಬರುತ್ತೆ. ಲೋಳೆ ಅಂಶದಿಂದ ಹಿಕ್ಕೆ ಅಂಟಂಟಾಗುತ್ತೆ, ಗೂಡಿನ ಹುಲ್ಲು ಗಲೀಜಾಗುತ್ತೆ, ಚಿಪ್ಪಿಗೆ ಅಂಟಿದ ಕೊಳೆಯಿಂದ ಬ್ಯಾಕ್ಟೀರಿಯಾ ಒಳಗೆ ಇಳಿಯುತ್ತೆ. ಮೊಟ್ಟೆ ಚೆನ್ನಾಗಿರಲಿ ಅಂತ ಹಾಕಿದ್ದೇ ಮೊಟ್ಟೆ ಕೆಡಿಸಿದ ಹಾಗೆ. ಅದಕ್ಕೆ 2 ಕೆಜಿಯಿಂದ ಶುರು ಮಾಡಿ 5ಕ್ಕೆ ನಿಲ್ಲಿಸಿ. ಸಣ್ಣ ಉರಿಯಲ್ಲಿ ಹುರಿದ್ರೆ ಸಯನೈಡ್ ಬಿಡೋ ಅಂಶ ಕಡಿಮೆಯಾಗುತ್ತೆ. ಜೊತೆಗೆ ವಿಟಮಿನ್ ಇ ಹೆಚ್ಚಿಸಬೇಕು, ಇಲ್ಲದಿದ್ರೆ ಆ ಎಣ್ಣೆ ಹಳದಿಯೊಳಗೇ ಕಮಟಾಗೋ ಸಾಧ್ಯತೆ ಇದೆ. ಬೀಜದಲ್ಲಿ ಸುಮಾರು 40% ಎಣ್ಣೆ ಇರೋದ್ರಿಂದ ಮೇಲಿಂದ ಸುರಿಯದೆ, ಫೀಡ್‌ನ ಶಕ್ತಿ ಲೆಕ್ಕ ಸರಿಹೊಂದಿಸಿ. ಕೊಬ್ಬಿದ ಹೇಟೆಯ ಮೊಟ್ಟೆ ಇಳಿಯುತ್ತೆ.

ಬೆರೆಸೋದು ಹೀಗೆ: 1 ಕೆಜಿ ಪುಡಿಯನ್ನ ಮೊದಲು 4 ಕೆಜಿ ಜೋಳದ ಹಿಟ್ಟಿಗೆ, ಅದನ್ನ 20 ಕೆಜಿ ಫೀಡ್‌ಗೆ, ಕೊನೆಗೆ ಉಳಿದದ್ದಕ್ಕೆ. ತೊಟ್ಟಿ ಮೇಲೆ ಹಾಗೇ ಉದುರಿಸಿದ್ರೆ ಬಲಿಷ್ಠ ಹೇಟೆಗಳೇ ಆರಿಸಿ ತಿಂತಾವೆ, ಉಳಿದವಕ್ಕೆ ಏನೂ ಸಿಗಲ್ಲ. ಪುಡಿಯನ್ನ ವಾರಕ್ಕಾಗುವಷ್ಟೇ ಮಾಡಿ. ಬೀಜವನ್ನ ಮೂಸಿ ನೋಡಿ, ಬೂಷ್ಟು ವಾಸನೆ ಬಂದ್ರೆ ಎಸೆಯಿರಿ. ಬೂಷ್ಟಿನ ವಿಷ ಅಫ್ಲಾಟಾಕ್ಸಿನ್ ತೊಳೆದ್ರೆ ಹೋಗಲ್ಲ.

ಫಲಿತಾಂಶಕ್ಕೆ ತಾಳ್ಮೆ ಬೇಕು. ಒಂದು ಹಳದಿ ದಪ್ಪಗಾಗೋಕೆ ಹತ್ತು ದಿನ ಹಿಡಿಯುತ್ತೆ, ಹೊಸ ಫೀಡ್‌ನ ಪರಿಣಾಮ ಪೂರ್ತಿ ಬರೋಕೆ ಸುಮಾರು ಮೂರು ವಾರ, ಕಾವಿಗೆ ಮತ್ತೆ 21 ದಿನ. ಒಂದು ಕೊಠಡಿಯ ಹೇಟೆಗಳಿಗೆ ಪುಡಿ ಕೊಡದೆ ಹಾಗೇ ಬಿಡಿ, ಆರು ವಾರ ಕಳೆದ ಮೇಲೆ ಎರಡೂ ಕೊಠಡಿಯ ಖಾಲಿ ಮೊಟ್ಟೆಗಳನ್ನ ಇದೇ ಥರ ಒಡೆದು ಪಕ್ಕಪಕ್ಕ ಇಟ್ಟು ಎಣಿಸಿ.