ಮೃಗಾಲಯಕ್ಕೆ ಒಂದು ಇಡೀ ಬೆಳಗ್ಗೆ ಕೊಡಿ

ನಮಸ್ಕಾರ. ಬೆಂಗಳೂರಿನಿಂದ ನಸುಕಿನಲ್ಲಿ ಹೊರಟು, ದಾರಿಯಲ್ಲಿ ಇಡ್ಲಿ ತಿಂದು, ಅರಮನೆ ನೋಡಿ, ಹನ್ನೆರಡರ ಬಿಸಿಲಿಗೆ ಮೃಗಾಲಯ ಹೊಕ್ಕು, ಅಲ್ಲಿಂದ ಚಾಮುಂಡಿ ಬೆಟ್ಟಕ್ಕೆ ಓಡಿ, ಕತ್ತಲಾದ ಮೇಲೆ ಬೃಂದಾವನದ ಕಾರಂಜಿ ನೋಡಿಕೊಂಡು ಮರಳುವ ಒಂದು ದಿನದ ಮೈಸೂರು ಪ್ರವಾಸ ನಮ್ಮಲ್ಲಿ ಬಹಳ ಮಂದಿಗೆ ಗೊತ್ತು. ಆ ಪಟ್ಟಿಯಲ್ಲಿ ಅತಿ ಹೆಚ್ಚು ಅನ್ಯಾಯವಾಗುವುದು ಮೃಗಾಲಯಕ್ಕೆ ಎಂಬುದು ನನ್ನ ವಾದ. ಅರಮನೆ ನಡುಮಧ್ಯಾಹ್ನವೂ ಅರಮನೆಯೇ. ಹುಲಿ ಮಾತ್ರ ಆ ಹೊತ್ತಿಗೆ ನೆರಳಿನಲ್ಲಿ ಬಿದ್ದುಕೊಂಡ ಪಟ್ಟೆಪಟ್ಟೆ ಬೆನ್ನಾಗಿರುತ್ತದೆ. ಅದನ್ನು ಎಬ್ಬಿಸಲೆಂದು ಜನ ಕೂಗುತ್ತಾರೆ, ಮಕ್ಕಳೂ ಅದನ್ನೇ ಕಲಿಯುತ್ತಾರೆ.

ಆದ್ದರಿಂದ ಬಾಗಿಲು ತೆರೆಯುವ ಎಂಟೂವರೆಗೇ ಅಲ್ಲಿರಿ. ಅದಕ್ಕಾಗಿ ಹಿಂದಿನ ರಾತ್ರಿ ಮೈಸೂರಿನಲ್ಲೇ ತಂಗಬೇಕಾದರೂ ಅಡ್ಡಿಯಿಲ್ಲ. ಇನ್ನೊಂದು ಮಾತು: ಮಂಗಳವಾರ ರಜೆ. ದಸರಾದಂಥ ದಿನಗಳಲ್ಲಿ ಆ ರಜೆ ಬದಲಾಗುವುದುಂಟು, ಅದನ್ನು ಮೊದಲೇ ವಿಚಾರಿಸಿಕೊಳ್ಳಬೇಕು. ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಒಂದು ಮಂಗಳವಾರ, ಅತ್ತೆಯವರನ್ನೂ ಐದು ವರ್ಷದ ಮಗಳನ್ನೂ ಕರೆದುಕೊಂಡು, ಮುಚ್ಚಿದ ಗೇಟಿನ ಮುಂದೆ ಸೌತೆಕಾಯಿ ತಿನ್ನುತ್ತಾ ನಿಂತವನು ನಾನು. ತಪ್ಪು ನನ್ನದೇ. ಅತ್ತೆಯವರು ಅಂದು ಏನೂ ಅನ್ನಲಿಲ್ಲ, ಇಂದಿಗೂ ಮರೆತಿಲ್ಲ.

ಎರಡನೆಯ ಬಾರಿ ಹೋದಾಗ ಪಾಠ ಕಲಿತಿದ್ದೆ. ಒಳಗಿನ ದಾರಿ ಸುತ್ತಿ ಸುತ್ತಿ ಕಿಲೋಮೀಟರುಗಟ್ಟಲೆ ಸಾಗುತ್ತದೆ. ಅರ್ಧ ದಾರಿಯಲ್ಲಿ ಮಂಡಿ ನೋವು ಬಂದರೆ ಮುಂದಿನದು ಎಷ್ಟು ದೂರವೋ ಹಿಂದಿನದೂ ಅಷ್ಟೇ ದೂರ. ಬ್ಯಾಟರಿ ವಾಹನವಿದೆ, ಹಿರಿಯರಿಗೆ ಅದನ್ನು ಮೊದಲೇ ಹಿಡಿಯಿರಿ, ಸುಸ್ತಾದ ಮೇಲೆ ಹುಡುಕಬೇಡಿ. ಅದಕ್ಕಿಂತ ಮುಖ್ಯವಾಗಿ, ಎಲ್ಲವನ್ನೂ ನೋಡಲೇಬೇಕೆಂಬ ಹಟವನ್ನು ಮನೆಯಲ್ಲೇ ಬಿಟ್ಟು ಬನ್ನಿ. ಮನೆಯ ಪ್ರತಿಯೊಬ್ಬರೂ ಒಂದೊಂದು ಪ್ರಾಣಿ ಆರಿಸಲಿ, ಅದರ ಮುಂದೆ ಇಪ್ಪತ್ತು ನಿಮಿಷ ನಿಲ್ಲೋಣ, ಉಳಿದದ್ದು ದಾರಿಯಲ್ಲಿ ಸಿಕ್ಕಷ್ಟು ಸಾಕು ಎಂದು ನಾವು ಒಪ್ಪಂದ ಮಾಡಿಕೊಂಡೆವು.

ಮಗಳು ಆರಿಸಿದ್ದು ಜಿರಾಫೆ. ಎತ್ತರಕ್ಕೆ ಕಟ್ಟಿದ ಸೊಪ್ಪಿನ ಕಟ್ಟಿಗೆ ಅದು ಕತ್ತು ಚಾಚಿ, ಕಪ್ಪು ನೇರಳೆ ಬಣ್ಣದ ನಾಲಗೆಯನ್ನು ಟೊಂಗೆಗೆ ಹಗ್ಗದಂತೆ ಸುತ್ತಿ, ಒಂದೇ ಎಳೆತಕ್ಕೆ ಎಲೆಗಳನ್ನು ಉದುರಿಸಿಕೊಂಡಿತು. “ಅಜ್ಜಿ, ಅದು ನೇರಳೆಹಣ್ಣು ತಿಂದಿದೆ” ಎಂದಳು ಮಗಳು. ಐದು ನಿಮಿಷಕ್ಕೆ ಹೊರಟಿದ್ದರೆ ಆ ನಾಲಗೆ ನಮಗೆ ಕಾಣುತ್ತಲೇ ಇರಲಿಲ್ಲ. ನನ್ನ ಆಯ್ಕೆ ಗೊರಿಲ್ಲಾ. 2021ರಲ್ಲಿ ಜರ್ಮನಿಯಿಂದ ಬಂದ ಥಾಬೋ ಮತ್ತು ಡೆಂಬಾ ಎಂಬ ಅಣ್ಣತಮ್ಮಂದಿರು. ಅತ್ತೆಯವರು ಯಾವ ಪ್ರಾಣಿಯನ್ನೂ ಆರಿಸದೆ ಮರಗಳನ್ನು ಆರಿಸಿದರು, ಅದೂ ಸರಿಯೇ. ಹತ್ತನೆಯ ಚಾಮರಾಜೇಂದ್ರ ಒಡೆಯರ್ 1892ರಲ್ಲಿ ಆರಂಭಿಸಿದ ಈ ಜಾಗದ ಉದ್ಯಾನಕ್ಕೆ, ಲಾಲ್‌ಬಾಗನ್ನು ಬೆಳೆಸಿದ ಜರ್ಮನ್ ತೋಟಗಾರಿಕಾ ತಜ್ಞ ಕ್ರುಂಬಿಗಲ್ ಅವರ ಕೈಯೂ ತಗುಲಿದೆ. ಬೇಸಿಗೆಯಲ್ಲಿ ನಮ್ಮನ್ನು ಕಾಪಾಡುವುದು ಆ ನೆರಳೇ.

ಮನೆಯಲ್ಲಿ ಮಕ್ಕಳಿಗೆ ಹೇಳಬೇಕಾದದ್ದೂ ಒಂದಿದೆ: ಪ್ರಾಣಿಗೆ ಏನನ್ನೂ ಎಸೆಯುವಂತಿಲ್ಲ. ಕಡಲೆಕಾಯಿಯೊಂದು ಏನು ಮಾಡೀತು ಎಂದು ದೊಡ್ಡವರೇ ಕೇಳುವುದನ್ನು ಕೇಳಿದ್ದೇನೆ. ಆದರೆ ದಿನಕ್ಕೆ ಸಾವಿರಾರು ಜನ ಹಾಗೆಯೇ ಯೋಚಿಸಿದರೆ ಆ ಕೋತಿಯ ಹೊಟ್ಟೆ ಏನಾಗಬೇಕು? ಪ್ರಾಣಿಯ ಮೇಲೆ ನಿಜವಾಗಿಯೂ ಪ್ರೀತಿ ಉಕ್ಕಿದರೆ ದತ್ತು ಯೋಜನೆಯಿದೆ. ನಿಗದಿತ ಹಣ ಕಟ್ಟಿ, ನಿಮ್ಮ ಜೇಬಿಗೆ ಎಟುಕುವ ಪ್ರಾಣಿಯೊಂದರ ಪೋಷಣೆಗೆ ನೆರವಾಗಬಹುದು. ಹುಟ್ಟುಹಬ್ಬದ ಕೇಕಿನ ಬದಲು ಹಕ್ಕಿಯೊಂದನ್ನು ದತ್ತು ತೆಗೆದುಕೊಳ್ಳೋಣ ಎಂದಾಗ ಮಗಳು ಕೇಕೂ ಬೇಕು ಎಂದಳು, ಎರಡನ್ನೂ ಮಾಡಿದೆವು.

ಹನ್ನೆರಡಾಗುತ್ತಿದ್ದಂತೆ ಹೊರಗೆ ಬಂದು ಊಟಕ್ಕೆ ಹೊರಡಿ. ಪಕ್ಕದ ಕಾರಂಜಿ ಕೆರೆಯ ಹಕ್ಕಿಗಳನ್ನು, ದಣಿದ ಮಗುವನ್ನು ಎಳೆದುಕೊಂಡು ಅಂದೇ ನೋಡುವ ಅಗತ್ಯವಿಲ್ಲ, ಮರುದಿನ ಬೆಳಗ್ಗೆ ಬರಬಹುದು. ಆ ಮರುದಿನ ಮಂಗಳವಾರವಾಗಿರದಂತೆ ನೋಡಿಕೊಳ್ಳಿ, ಅಂದು ಕೆರೆಗೂ ರಜೆ.