ಎರಡು ಪೆನ್ ಸೆಲ್, ಒಂದು ಆಪ್-ಆಂಪ್ ಮತ್ತು ಕರಾವಳಿಯ ಮಳೆಗಾಲ

ಕೇಳುಗರೆ, ನಮಸ್ಕಾರ.

ಉಡುಪಿಯ ಕಡೆಯ ಅಡಿಕೆ ತೋಟವೊಂದರಲ್ಲಿ ಮಣ್ಣಿನ ತೇವವನ್ನು ಅಳೆಯುವ ಪುಟ್ಟ ಉಪಕರಣವನ್ನು, ವಿದ್ಯುತ್ ತಂತಿ ಎಳೆಯದೆ, ಎರಡು ಪೆನ್ ಸೆಲ್‌ಗಳಿಂದಲೇ ದೀರ್ಘಕಾಲ ನಡೆಸಬೇಕೆಂದಿಟ್ಟುಕೊಳ್ಳೋಣ. ಸೆನ್ಸರ್ ಕೊಡುವುದು ಸೊನ್ನೆಯಿಂದ 0.2 ವೋಲ್ಟ್, ಅದನ್ನು ಎಂಟು ಪಟ್ಟು ಹಿಗ್ಗಿಸಬೇಕು; ಆ ಕೆಲಸ ಆಪ್-ಆಂಪ್ ಎಂಬ ಪುಟ್ಟ ಚಿಪ್ಪಿನದು. ಹೊಸ ಸೆಲ್‌ಗಳು 3 ವೋಲ್ಟ್ ಕೊಟ್ಟರೂ ಬಳಲಿದ ಮೇಲೆ 1.8 ವೋಲ್ಟಿಗೆ ಇಳಿಯುತ್ತವೆ. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಎಲ್‌ಎಂ 358 ಇಲ್ಲಿ ಸಾಲದು. ಅದಕ್ಕೆ ಕನಿಷ್ಠ 3 ವೋಲ್ಟ್ ಬೇಕು, ಅದರ ಔಟ್‌ಪುಟ್ ಪೂರೈಕೆಗಿಂತ ಸುಮಾರು ಒಂದೂವರೆ ವೋಲ್ಟ್ ಕೆಳಗೇ ನಿಂತುಬಿಡುತ್ತದೆ.

ರೈಲ್-ಟು-ರೈಲ್ ಆಪ್-ಆಂಪ್, ಅಂದರೆ ಸೊನ್ನೆಯಿಂದ ಪೂರೈಕೆಯ ವೋಲ್ಟೇಜಿನವರೆಗೆ ಎರಡೂ ತುದಿ ಮುಟ್ಟುವಂಥದ್ದು, ಬೇಕಾಗುವುದು ಇಲ್ಲಿ. ಎಂಸಿಪಿ 6041 ಎಂಬುದು 1.4 ವೋಲ್ಟಿನಲ್ಲೂ ಕೆಲಸ ಮಾಡುತ್ತದೆ, ತನಗಾಗಿ ಬಳಸುವುದು ಸುಮಾರು 0.6 ಮೈಕ್ರೋಆಂಪಿಯರ್ ಮಾತ್ರ. ವೇಗ ಕಡಿಮೆ, ಆದರೆ ಮಣ್ಣಿಗೆ ಅವಸರವಿಲ್ಲವಲ್ಲ. ರೈಲ್-ಟು-ರೈಲ್ ಎಂಬ ಹೆಸರನ್ನು ಅಕ್ಷರಶಃ ನಂಬಬಾರದು: ಹೊರೆ ಹಗುರವಾಗಿದ್ದರೂ ಔಟ್‌ಪುಟ್ ಸೊನ್ನೆಯನ್ನು ಮುಟ್ಟುವುದಿಲ್ಲ, ಕೆಲವು ಮಿಲಿವೋಲ್ಟ್ ಮೇಲೆಯೇ ಉಳಿಯುತ್ತದೆ. ಹಾಗಾಗಿ ಸೊನ್ನೆಯ ಓದನ್ನೇ 100 ಮಿಲಿವೋಲ್ಟಿಗೆ ಎತ್ತಿಟ್ಟುಕೊಳ್ಳುವುದು ಒಳ್ಳೆಯದು. ಇನ್‌ಪುಟ್ ಕೂಡ ಎರಡೂ ತುದಿ ಮುಟ್ಟಬೇಕೆಂದೇನಿಲ್ಲ. ನಮ್ಮ ಸಂಕೇತ ಇರುವುದು ಸೊನ್ನೆ ವೋಲ್ಟಿನ ಹತ್ತಿರ ಮಾತ್ರ.

ನಿಜವಾದ ಕಷ್ಟ ಇನ್ನು ಮುಂದೆ. ಎಂಟು ಪಟ್ಟಿಗೆ (ಲೆಕ್ಕ: 1 + 70/10) 10 ಮತ್ತು 70 ಕಿಲೋಓಮ್ ರೆಸಿಸ್ಟರ್‌ಗಳನ್ನು ಹಾಕಿದರೆ, 1.6 ವೋಲ್ಟ್ ಔಟ್‌ಪುಟ್‌ನಲ್ಲಿ ಅವುಗಳಲ್ಲಿಯೇ 20 ಮೈಕ್ರೋಆಂಪಿಯರ್ ಹರಿಯುತ್ತದೆ, ಅಂದರೆ ಆಪ್-ಆಂಪ್ ಉಣ್ಣುವುದರ ಮೂವತ್ತು ಪಟ್ಟಿಗೂ ಹೆಚ್ಚು. ಆದ್ದರಿಂದ 1 ಮತ್ತು 7 ಮೆಗಾಓಮ್ ಹಾಕುತ್ತೇವೆ. ನಾನೂ ಹಾಗೆಯೇ ಹಾಕಿದ್ದೆ. ಜನವರಿಯ ಒಣ ಗಾಳಿಯಲ್ಲಿ ಮೇಜಿನ ಮೇಲೆ ಎಲ್ಲವೂ ಸರಿಯಾಗಿತ್ತು. ಆಟಿ ತಿಂಗಳ ಮಳೆಯಲ್ಲಿ ಓದು ದಿನಕ್ಕೊಂದಾಗತೊಡಗಿತು. ಸೆನ್ಸರನ್ನು ಅನುಮಾನಿಸಿ ಒಂದು ವಾರ ಕಳೆದೆ. ತಪ್ಪಿದ್ದದ್ದು ಬೋರ್ಡಿನ ಮೇಲ್ಮೈಯಲ್ಲಿ, ಬೆಸುಗೆಯ ಬಳಿ ಒರೆಸದೆ ಬಿಟ್ಟ ಫ್ಲಕ್ಸಿನ (ಬೆಸುಗೆ ಚೆನ್ನಾಗಿ ಹಿಡಿಯಲೆಂದು ಬಳಸುವ ವಸ್ತು) ತೆಳು ಕಂದು ಪದರದಲ್ಲಿ. ಅದು ಕಡಲ ಗಾಳಿಯ ಉಪ್ಪುತೇವವನ್ನು ಹೀರಿಕೊಂಡು ತಾನೇ ಒಂದು ರೆಸಿಸ್ಟರ್ ಆಗಿಬಿಟ್ಟಿತ್ತು. 7 ಮೆಗಾಓಮಿಗೆ ಸಮಾಂತರವಾಗಿ 70 ಮೆಗಾಓಮಿನ ಸೋರಿಕೆ ಸೇರಿದರೆ ಸಾಕು, ಎಂಟು ಪಟ್ಟು ಎಂದುಕೊಂಡದ್ದು 7.36ಕ್ಕೆ ಇಳಿಯುತ್ತದೆ; ಹತ್ತು ಕಿಲೋಓಮಿನ ಸರ್ಕ್ಯೂಟಿನಲ್ಲಾದರೆ ಅಷ್ಟು ಸೋರಿಕೆ ಲೆಕ್ಕಕ್ಕೇ ಬರುತ್ತಿರಲಿಲ್ಲ.

ಅಂದಿನಿಂದ ಬೆಸುಗೆ ಮುಗಿದ ಕೂಡಲೇ ಬೋರ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಬ್ರಷ್ ಹಾಕಿ ತೊಳೆದು, ಚೆನ್ನಾಗಿ ಒಣಗಿಸಿ, ಅದರ ಮೇಲೆ ರಕ್ಷಕ ಲೇಪ ಹಚ್ಚುತ್ತೇನೆ. ತೇವವನ್ನು ಒಳಗಿಟ್ಟೇ ಲೇಪ ಹಚ್ಚಿದರೆ ಪ್ರಯೋಜನವಿಲ್ಲ. ಇನ್‌ಪುಟ್ ಪಿನ್ನಿನ ಸುತ್ತ ಅದೇ ವೋಲ್ಟೇಜಿನ ತಾಮ್ರದ ಉಂಗುರವನ್ನೂ ಎಳೆಯುತ್ತೇನೆ; ಎರಡೂ ಕಡೆ ವೋಲ್ಟೇಜ್ ಸಮನಾಗಿದ್ದರೆ ಸೋರಿಕೆಗೆ ಹರಿಯಲು ಕಾರಣವಿರದು. ಪೂರೈಕೆಯ ಪಿನ್ನಿಗೆ ಅಂಟಿದಂತೆ 0.1 ಮೈಕ್ರೋಫ್ಯಾರಡಿನ ಕೆಪ್ಯಾಸಿಟರ್ ಇರಲೇಬೇಕು. ರೆಸಿಸ್ಟರ್ ದೊಡ್ಡದಾದಷ್ಟೂ ಬೋರ್ಡಿನ ಚಿಕ್ಕ ಕೆಪ್ಯಾಸಿಟನ್ಸ್ ಕೂಡ ಆಪ್-ಆಂಪನ್ನು ಆಂದೋಲನಕ್ಕೆ ಎಳೆಯಬಲ್ಲದು, ಅದಕ್ಕೆ 7 ಮೆಗಾಓಮಿಗೆ ಅಡ್ಡಲಾಗಿ ಕೆಲವು ಪಿಕೋಫ್ಯಾರಡಿನ ಕೆಪ್ಯಾಸಿಟರ್ ಸೇರಿಸಿ.

ಕೊನೆಗೆ ಒಂದು ಪರೀಕ್ಷೆ. ಲೇಪ ಹಚ್ಚುವ ಮೊದಲು, ಇನ್‌ಪುಟ್ಟಿಗೆ ಬದಲಾಗದ ವೋಲ್ಟೇಜ್ ಕೊಟ್ಟು, ಬೋರ್ಡಿನ ಮೇಲೆ ಬಾಯಿಂದ ಒಮ್ಮೆ ಬಿಸಿಯುಸಿರು ಊದಿ ಮೀಟರನ್ನು ನೋಡಿ. ಮುಳ್ಳು ಕದಲಿದರೆ ಇನ್ನೊಮ್ಮೆ ತೊಳೆಯಿರಿ.