ಕಟಕಟೆಯಲ್ಲಿ ನಿಂತವರಿಗೆ ಏನು ನಡೆಯುತ್ತಿದೆ ಅಂತ ಗೊತ್ತಾ?

ಎಲ್ಲರಿಗೂ ನಮಸ್ಕಾರ. ಕಾನೂನು ಓದುತ್ತಿರುವ ನಿಮಗೆ ಜಾಸ್ತಿ ಪೀಠಿಕೆ ಬೇಕಿಲ್ಲ. ಅಪರಾಧ ನಡೆದ ದಿನ ಆರೋಪಿಯ ಮನಸ್ಸು ಹೇಗಿತ್ತು ಅನ್ನುವುದು ಒಂದು ಪ್ರಶ್ನೆ. ಇವತ್ತು ಕೋರ್ಟಿನಲ್ಲಿ ನಡೆಯುತ್ತಿರುವುದು ಅವರಿಗೆ ತಿಳಿಯುತ್ತಿದೆಯೇ ಅನ್ನುವುದು ಬೇರೆಯೇ ಪ್ರಶ್ನೆ. ಜನ ಇವೆರಡನ್ನೂ ಕಲಸಿಬಿಡುತ್ತಾರೆ. ನಾನು ಮಾತಾಡುವುದು ಎರಡನೆಯದರ ಬಗ್ಗೆ.

ಅಮೆರಿಕದಲ್ಲಿ ಇದಕ್ಕೆ ಅಳತೆಗೋಲು ಸಿಕ್ಕಿದ್ದು 1960ರ ಡಸ್ಕಿ ತೀರ್ಪಿನಲ್ಲಿ. ಇವತ್ತು ಯಾವ ದಿನ, ಇದು ಯಾವ ಊರು ಅಂತ ಗೊತ್ತಿದ್ದರೆ ಸಾಲದು, ತನ್ನ ಮೇಲಿನ ಕೇಸು ತಲೆಗೆ ಹತ್ತಿರಬೇಕು, ವಕೀಲರ ಜತೆ ತಕ್ಕಮಟ್ಟಿಗೆ ಯೋಚಿಸಿ ಮಾತಾಡಲು ಆಗಬೇಕು ಎಂದಿತು ಅಲ್ಲಿನ ಸುಪ್ರೀಂ ಕೋರ್ಟ್.

ಇದನ್ನು ಅಳೆಯುವುದು ಹೇಗೆ? ಅಲ್ಲಿ ಬಳಸುವ ಮ್ಯಾಕ್‌ಕ್ಯಾಟ್-ಸಿಎ ಪರೀಕ್ಷೆಯಲ್ಲಿ 22 ಪ್ರಶ್ನೆಗಳಿವೆ. ಮೊದಲ 16, ಇಬ್ಬರು ಜಗಳವಾಡಿಕೊಂಡ ಒಂದು ಕಟ್ಟುಕತೆಯ ಮೇಲೆ. ವಕೀಲರ ಕೆಲಸ ಏನು ಅಂತ ಕೇಳಿದಾಗ ಉತ್ತರ ಬರದಿದ್ದರೆ ಹೇಳಿಕೊಟ್ಟು ಮತ್ತೆ ಕೇಳುತ್ತಾರೆ. ಇದು ನನಗೆ ತುಂಬಾ ಇಷ್ಟ, ಯಾಕೆಂದರೆ ಓದು ಬರಹ ಇಲ್ಲದಿರುವುದು ಬೇರೆ, ಹೇಳಿಕೊಟ್ಟರೂ ಹಿಡಿಯಲಾಗದಿರುವುದು ಬೇರೆ, ಅಲ್ವಾ? ಕೊನೆಯ ಆರು ಆರೋಪಿಯದೇ ಕೇಸಿನ ಬಗ್ಗೆ. ಅಲ್ಲಿ ಉತ್ತರಕ್ಕಿಂತ ಕಾರಣ ಮುಖ್ಯ. 'ನನಗೆ ಶಿಕ್ಷೆ ಆಗಲ್ಲ, ಸಾಕ್ಷಿ ಇಲ್ಲ' ಅನ್ನುವುದು ಸರಿ. 'ಶಿಕ್ಷೆ ಆಗಲ್ಲ, ಜಡ್ಜ್ ನನ್ನ ಮನಸ್ಸಿನೊಳಗೆ ಬಂದು ಹೇಳಿದ್ದಾರೆ' ಅಂದರೆ ನಾವು ನಿಂತು ಯೋಚಿಸಬೇಕು. ಅಂಕ ಎಷ್ಟೇ ಬರಲಿ, ತೀರ್ಮಾನ ಮಾತ್ರ ಜಡ್ಜ್‌ದು.

ಆದರೆ 'ವಿಚಾರಣೆಗೆ ಫಿಟ್ ಅಲ್ಲ' ಅಂತ ಬರೆದ ಮೇಲೆ ಏನಾಗುತ್ತದೆ? ಅಮೆರಿಕದ ಇಂಡಿಯಾನಾ ರಾಜ್ಯದ ಥಿಯಾನ್ ಜಾಕ್ಸನ್‌ಗೆ ಕಿವಿ ಕೇಳುತ್ತಿರಲಿಲ್ಲ, ಮಾತು ಬರುತ್ತಿರಲಿಲ್ಲ, ಬುದ್ಧಿ ಪುಟ್ಟ ಮಗುವಿನಷ್ಟು. ಕದ್ದ ಆರೋಪ ಎರಡು ಸಲ ಸೇರಿ ಒಟ್ಟು ಒಂಬತ್ತು ಡಾಲರ್. ಸರಿಹೋಗುವ ತನಕ ಆಸ್ಪತ್ರೆಯಲ್ಲಿರಲಿ ಅಂದರು. ಅವನು ಸರಿಹೋಗುವುದಾದರೂ ಹೇಗೆ? ಅದು ಜೀವಾವಧಿ ಶಿಕ್ಷೆಯೇ. 1972ರಲ್ಲಿ ಸುಪ್ರೀಂ ಕೋರ್ಟ್, ಹೀಗೆ ಕೊನೆಯಿಲ್ಲದೆ ಕೂಡಿಹಾಕುವಂತಿಲ್ಲ ಎಂದಿತು.

ನಮ್ಮಲ್ಲಿ ಈಗ, ಕ್ರಿಮಿನಲ್ ಕೇಸು ಹೇಗೆ ನಡೆಯಬೇಕು ಅಂತ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 367ನೇ ಸೆಕ್ಷನ್‌ನಿಂದ ಇದು ಶುರುವಾಗುತ್ತದೆ. ಆರೋಪಿಗೆ ತನ್ನ ಪರ ವಾದ ನಡೆಸುವ ಶಕ್ತಿ ಇಲ್ಲ ಅನ್ನಿಸಿದರೆ ಮ್ಯಾಜಿಸ್ಟ್ರೇಟ್ ವೈದ್ಯರಿಂದ ಪರೀಕ್ಷೆ ಮಾಡಿಸಬೇಕು. ಪರೀಕ್ಷೆಗೆ ಬೆಂಗಳೂರಿನ ನಿಮ್ಹಾನ್ಸ್‌ಗೂ ಕೋರ್ಟುಗಳು ಆರೋಪಿಗಳನ್ನು ಕಳಿಸುತ್ತವೆ.

ಅಸ್ಸಾಂನ ಮಚಾಂಗ್ ಲಾಲುಂಗ್ ಅವರನ್ನು ಹಿಡಿದದ್ದು 1951ರಲ್ಲಿ. ತೇಜ್‌ಪುರದ ಮಾನಸಿಕ ಆಸ್ಪತ್ರೆಗೆ ಸೇರಿಸಿದರು. 1967ರಲ್ಲಿ ವೈದ್ಯರು ಫಿಟ್ ಎಂದರೂ ಬಿಡಲಿಲ್ಲ, ವಿಚಾರಣೆಯೂ ನಡೆಯಲಿಲ್ಲ. 2005ರಲ್ಲಿ ಒಂದು ರೂಪಾಯಿ ಬಾಂಡ್ ಮೇಲೆ ಹೊರಬಂದಾಗ 54 ವರ್ಷ ಕಳೆದಿತ್ತು. ಇದನ್ನು ಹೇಳುವಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ.

ಆದ್ದರಿಂದ, ನಾಳೆ ನಿಮ್ಮ ಕಕ್ಷಿದಾರರು ಫಿಟ್ ಅಲ್ಲ ಅಂತ ವರದಿ ಬಂದರೆ, ಮತ್ತೆ ಪರೀಕ್ಷೆ ಯಾವ ತಾರೀಖು ಅಂತ ಅವತ್ತೇ ಕೋರ್ಟಿನಲ್ಲಿ ಕೇಳಿ ಬರೆದುಕೊಳ್ಳಿ. ಈಗ ನಿಮ್ಮ ಪ್ರಶ್ನೆಗಳನ್ನು ಕೇಳಿ.